ಮ್ಯಾಗ್ನೆಟ್ಟಿಗೆ ಅಂಟಿದ ಕೆಂಪು ವೈರು

ಹೋದ ತಿಂಗಳು ಮೈಲೂರಿನ ನಮ್ಮ ಮನೆಯ ಹಿತ್ತಲಲ್ಲಿ ಕೂತು ಮಡಕೆ ಸುಡುವ ಹಳೆಯ ಕರೆಂಟ್ ಭಟ್ಟಿಯೊಂದರ ಮೀಟರ್ ಡಬ್ಬಿ ಬಿಚ್ಚುತ್ತಿದ್ದೆ. ಮುಚ್ಚಳದ ಒಳಬದಿಗೆ ಕಪ್ಪು ಬಳೆಯಂಥದ್ದೊಂದು ಅಂಟಿಕೊಂಡಿತ್ತು. ಎಳೆದರೆ ಬರಲಿಲ್ಲ, ಪಕ್ಕಕ್ಕೆ ಜಾರಿಸಿದಾಗ ಬಂತು. ಹಳೆಯ ಸ್ಪೀಕರಿನ ಮ್ಯಾಗ್ನೆಟ್ಟು, ಒಂದು ಅಂಚು ಮುಕ್ಕಾಗಿತ್ತು. ಯಾಕೋ ಮೂಗಿಗೆ ಹಿಡಿದೆ. ಮೋಟಾರು ಸುತ್ತುವ ಅಂಗಡಿಗಳ ವಾರ್ನಿಷ್ ವಾಸನೆ... ಎಂಟು ವರ್ಷ ಒಂದು ವಾಸನೆ ಹಾಗೇ ಉಳಿಯುತ್ತದೆಯೇ ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಪುರಾವೆ ಇಲ್ಲ. ನನಗೆ ಬಂತು, ಅಷ್ಟೇ.

ಮ್ಯಾಗ್ನೆಟ್ಟಿನ ಹಿಂದೆ ಮಡಚಿದ ರಟ್ಟಿನ ತುಂಡೊಂದು ಸಿಕ್ಕಿಕೊಂಡಿತ್ತು. ಅದರ ಮಾತು ಆಮೇಲೆ. ಪುರಾವೆಯನ್ನು ಯಾವಾಗ ಮುಂದಿಡಬೇಕೆಂಬುದನ್ನು ಚರ್ಚಾಸ್ಪರ್ಧೆಗಳು ನನಗೆ ಚೆನ್ನಾಗಿ ಕಲಿಸಿವೆ. ಯಾವಾಗ ಬಾಯಿ ಬಿಡಬೇಕೆಂಬುದನ್ನು ಮಾತ್ರ ಯಾರೂ ಕಲಿಸಲಿಲ್ಲ.

ಅವರನ್ನು ನಾವು ವೈಂಡಿಂಗ್ ಕಾಕಾ ಎನ್ನುತ್ತಿದ್ದೆವು. ಹಳೇ ಬೀದರಿನಲ್ಲಿ ಚೌಬಾರಾ ಗೋಪುರದಿಂದ ಇಳಿಯುವ ಗಲ್ಲಿಯೊಂದರಲ್ಲಿ ಅವರ ಅಂಗಡಿ. ಸುಟ್ಟುಹೋದ ಪಂಪ್ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವುದು ಅವರ ಕೆಲಸ. ಮೂಲ ಊರು ಔರಾದ ತಾಲೂಕಿನ ಡಾಬಕಾ, ಮಹಾರಾಷ್ಟ್ರದ ಗಡಿಗೆ ಹತ್ತಿರ. ಅವರ ಅಪ್ಪನದು ಕುರಿ ಸಾಕಣೆ. "ಸಣ್ಣಾಂವ ಇದ್ದಾಗ ಕುರಿ ಎಣಿಸ್ತಿದ್ದೆ, ಈಗ ಸುತ್ತು ಎಣಿಸ್ತೇನಿ. ಫರಕ್ ಇಷ್ಟೇ, ತಂತಿ ಓಡಿ ಹೋಗಂಗಿಲ್ಲ" ಎಂದು ತಾವೇ ಹೇಳಿ ತಾವೇ ನಗುತ್ತಿದ್ದರು. ಸುತ್ತುವಾಗ ಯಾರು ಏನು ಕೇಳಿದರೂ ಉತ್ತರವಿಲ್ಲ. ನೂರು ಸುತ್ತಿಗೊಮ್ಮೆ ಒಂದು ತೊಗರಿ ಕಾಳನ್ನು ಈ ಬಟ್ಟಲಿನಿಂದ ಆ ಬಟ್ಟಲಿಗೆ ಹಾಕುತ್ತಿದ್ದರು. ಆ ಕಾಳು ಬಿದ್ದ ಸದ್ದಾದ ಮೇಲೆಯೇ ನಮ್ಮ ಮಾತಿಗೆ ಸರದಿ.

ಹಳಬರೆಲ್ಲ ಜ್ಞಾನಿಗಳು ಎಂಬ ವಾದಕ್ಕೆ ನನ್ನ ಒಪ್ಪಿಗೆ ಇಲ್ಲ. ಕಾಕಾ ಅಮಾವಾಸ್ಯೆಯ ದಿನ ತಂತಿ ಸುತ್ತುತ್ತಿರಲಿಲ್ಲ, ಆ ದಿನ ಸುತ್ತಿದ ತಂತಿ ಬೇಗ ಕಡಿಯುತ್ತದೆ ಎನ್ನುತ್ತಿದ್ದರು. "ಎಷ್ಟು ಮೋಟಾರಿನಾಗ ನೋಡೀರಿ ಕಾಕಾ?" ಎಂದು ಕೇಳಿದ್ದೆ. "ಸುತ್ತೇ ಇಲ್ಲಲ್ಲ ತಂಗಿ, ಹ್ಯಾಂಗ ನೋಡ್ಲಿ?" ಎಂದಿದ್ದರು. ಹೀಗಿರುವ ಮನುಷ್ಯ ಹೇಳಿದ್ದನ್ನೆಲ್ಲ ನಂಬಬೇಕಿತ್ತೇ? ಬೇಕಿರಲಿಲ್ಲ. ಇದನ್ನು ಈಗಲೂ ಹೇಳುತ್ತೇನೆ. ಆದರೆ ನಂಬದೆ ಇರುವುದಕ್ಕೂ ಪರೀಕ್ಷಿಸದೆ ಇರುವುದಕ್ಕೂ ನಡುವೆ ಇರುವ ಅಂತರ ಆಗ ನನಗೆ ಕಾಣುತ್ತಿರಲಿಲ್ಲ.

ಅವ್ವ ಆಗ ಭಾಲ್ಕಿಯಲ್ಲಿ ಒಂದು ಹೆಣ್ಣುಮಕ್ಕಳ ಶಾಲೆಯ ಡ್ರಾಯಿಂಗ್ ಟೀಚರ್. ದಿನಾ ಬೀದರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಯಾವುದೋ ಯೋಜನೆಯಲ್ಲಿ ಶಾಲೆಗೆ ಬಂದ ಮಡಕೆ ಸುಡುವ ಕರೆಂಟ್ ಭಟ್ಟಿ ಎರಡು ಸಲ ಉರಿದು ಕೆಟ್ಟಿತ್ತು. ಅದಕ್ಕೊಂದು ಪುಸ್ತಕ ಇರಲಿಲ್ಲ, ಮಾಡಿದ ಕಂಪನಿಯ ಫೋನು ಹತ್ತುತ್ತಿರಲಿಲ್ಲ. ಅವ್ವನ ನಿವೃತ್ತಿಗೆ ಮೂರು ವಾರ ಉಳಿದಿತ್ತು. ಏಳನೇ ಇಯತ್ತೆಯ ಅರವತ್ತು ಹುಡುಗಿಯರಿಂದ ಅವಳು ಅಂಗೈಯಗಲದ ಮಣ್ಣಿನ ಬಿಲ್ಲೆಗಳನ್ನು ಮಾಡಿಸಿದ್ದಳು. ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ನೀನು ದಿನಾ ನೋಡುವ ಒಂದೇ ಒಂದನ್ನು ಮಾಡು, ಎಂದಿದ್ದಳಂತೆ. ಕಬ್ಬು ಹೇರಿದ ಟ್ರ್ಯಾಕ್ಟರು, ಸ್ಟೇಷನ್ನಿನ ಗಡಿಯಾರ, ಒಂಟಿ ಚಪ್ಪಲಿ, ಗೇಟಿನ ಮೇಲೆ ಕೂತ ಕೋತಿ... ಅವನ್ನೆಲ್ಲ ಸುಟ್ಟು, ನೀರಿನ ಟಾಕಿಯ ಗೋಡೆಗೆ ಹುಡುಗಿಯರ ಎದುರಿಗೇ ಹಚ್ಚಿ ಹೋಗಬೇಕೆಂಬುದು ಅವಳ ಆಸೆ. ಸುಡದ ಬಿಲ್ಲೆ ಒಂದು ಮಳೆಗೆ ಮತ್ತೆ ಮಣ್ಣು. ಡ್ರಾಯಿಂಗ್ ರೂಮಿನ ನೆಲದ ಮೇಲೆ ಪೇಪರ್ ಹಾಸಿ ಅರವತ್ತನ್ನೂ ಒಣಗಲು ಇಟ್ಟಿದ್ದಳು. ಅವುಗಳನ್ನು ದಾಟಿ ಹೋಗುವಾಗ ಸೀರೆಯ ನಿರಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದಳು.

ಭಟ್ಟಿಯಲ್ಲಿ ಎರಡು ವಸ್ತು ಹೋಗಿದ್ದವು. ಒಂದು, ಕಾಯುವ ಕಾಯಿಲು. ಇನ್ನೊಂದು, ಒಳಗಿನ ಶಾಖ ಎಷ್ಟಿದೆ ಎಂದು ಹೊರಗಿನ ಮೀಟರಿಗೆ ತಿಳಿಸುವ ಸೆನ್ಸರು. ರಿಪೇರಿಯನ್ನು ಅವ್ವ ಕಾಕಾನಿಗೆ ಒಪ್ಪಿಸಿದಳು, ಮಾಹಿತಿ ಹುಡುಕುವುದು ನನ್ನ ಪಾಲಿಗೆ ಬಂತು. ನಾನಾಗ ಡಿಗ್ರಿ ಎರಡನೇ ವರ್ಷ. ಚರ್ಚಾಸ್ಪರ್ಧೆಗಳಿಂದ ತಂದ ಕಪ್ಪುಗಳಿಗೆ ಮನೆಯಲ್ಲಿ ಜಾಗ ಸಾಲದೆ ಒಂದರಲ್ಲಿ ಅವ್ವ ಬ್ರಶ್ಶು ಇಟ್ಟುಕೊಂಡಿದ್ದಳು. ಮೂರು ದಿನ ಫೋನಿನಲ್ಲಿ ಹುಡುಕಿದೆ. ಸಿಕ್ಕ ಭಟ್ಟಿಗಳಿಗೂ ನಮ್ಮದಕ್ಕೂ ಸಂಬಂಧ ಇರಲಿಲ್ಲ. ಭಟ್ಟಿ ಮಾರುವವರು ಮಾಡೆಲ್ ನಂಬರ್ ತಿಳಿಸಿ ಎನ್ನುತ್ತಿದ್ದರು, ನಮ್ಮ ಭಟ್ಟಿಯ ತಗಡಿನ ಮೇಲೆ ನಂಬರು ಇದ್ದ ಜಾಗದಲ್ಲಿ ತುಕ್ಕು ಇತ್ತು. ಕೊನೆಗೆ ಯಾವುದೋ ದೂರದೇಶದ ಭಟ್ಟಿಯ ಪುಸ್ತಕವೊಂದು ಸಿಕ್ಕಿತು. ಎಂಬತ್ತು ಪುಟ, ಬಣ್ಣದ ಚಿತ್ರಗಳು. ಅದನ್ನು ಪ್ರಿಂಟ್ ಮಾಡಿಸಿ ದಾರ ಹಾಕಿಸಿದೆ.

ಕಾಕಾ ಹುಡುಕುವ ಕ್ರಮವೇ ಬೇರೆ. ಅವರು ಯಾವ ಸಾಮಾನನ್ನೂ ಹೆಸರು ಹೇಳಿ ಕೇಳುತ್ತಿರಲಿಲ್ಲ. ಸುಟ್ಟ ಕಾಯಿಲಿನ ತುಂಡನ್ನೂ ಒಡೆದ ಸೆನ್ಸರನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡು ಬೇಕರಿಗೆ ಹೋದರು, ಕಟ್ಟಿಸುವ ಹಲ್ಲು ಮಾಡುವವನ ಹತ್ತಿರ ಹೋದರು, ಬಾಗಿಲು ಮುಚ್ಚಿದ ಕಾರ್ಖಾನೆಗಳ ಸಾಮಾನು ತೂಕಕ್ಕೆ ಕೊಳ್ಳುವ ಗುಜರಿಗೆ ಹೋದರು. ಎದುರಿನವರ ಮುಂದೆ ಗಂಟು ಬಿಚ್ಚಿ, ಏನೂ ಹೇಳದೆ ನಿಲ್ಲುವುದು. ಒಂದೆರಡು ಸಲ ನಾನೂ ಜೊತೆಗಿದ್ದೆ. "ಇದರ ಹೆಸರು ಏನ್ರಿ?" ಎಂದು ಗುಜರಿಯವನೇ ಕೇಳಿದ. "ಹೆಸರು ಹೇಳಿದ್ರ ನೀ ಇಲ್ಲ ಅಂತಿ. ತುಂಡು ನೋಡಿದ್ರ ಹುಡುಕ್ತಿ" ಎಂದರು ಕಾಕಾ. ಅವನು ಹುಡುಕಿದ. ರಾಶಿಯ ಅಡಿಯಿಂದ ಹೊಸದರಂಥ ಸೆನ್ಸರು ಬಂತು, ವೈರಿನ ಸಮೇತ. ಕಾಯಿಲಿನ ತಂತಿ ಹೈದರಾಬಾದಿನಿಂದ ಬಸ್ಸಿನ ಡ್ರೈವರ್ ಕೈಯಲ್ಲಿ ಬಂತು. ಅದನ್ನು ಅವರು ಕಬ್ಬಿಣದ ಸಳಿಗೆ ಸುತ್ತಿ, ಭಾಲ್ಕಿಗೆ ಬಂದು, ಭಟ್ಟಿಯ ಗೋಡೆಯ ಸಂದುಗಳಲ್ಲಿ ಕೂಡಿಸಿ ಹೋದರು. ಆ ದಿನ ಅವ್ವ ಮನೆಯಿಂದ ಒಯ್ದಿದ್ದ ಶೇಂಗಾದ ಹಿಂಡಿ, ರೊಟ್ಟಿ ಮೂವರೂ ಡ್ರಾಯಿಂಗ್ ರೂಮಿನ ಹೊಸ್ತಿಲ ಮೇಲೆ ಕೂತು ತಿಂದೆವು. ಕಾಕಾ ಒಣಗುತ್ತಿದ್ದ ಬಿಲ್ಲೆಗಳನ್ನೇ ನೋಡುತ್ತಿದ್ದರು. "ಟೀಚರ್, ಆ ಕುರಿ ಮಾಡಿದಾಕಿ ಯಾರ್ರಿ? ಕಿವಿ ಬರೋಬ್ಬರ್ ಮಾಡ್ಯಾಳ" ಎಂದರು.

ಇನ್ನು ಉಳಿದದ್ದು ಕಾಕಾನ ಅಂಗಡಿಯಲ್ಲಿದ್ದ ಮೀಟರ್ ಡಬ್ಬಿ. ಸೆನ್ಸರಿನ ಎರಡು ವೈರುಗಳನ್ನು ಮೀಟರಿಗೆ ಜೋಡಿಸಬೇಕು, ಒಂದು ಪ್ಲಸ್, ಒಂದು ಮೈನಸ್. ಒಂದರ ಬಣ್ಣ ಕೆಂಪು, ಇನ್ನೊಂದರದು ಹಳದಿ. ಡಬ್ಬಿ ಒಯ್ಯಲು ಅಂಗಡಿಗೆ ಹೋದಾಗ ನನ್ನ ಬಗಲಲ್ಲಿ ಆ ಎಂಬತ್ತು ಪುಟ ಇತ್ತು. ಮೋಟಾರು ಕೊಟ್ಟು ಕಾಯುತ್ತಿದ್ದ ಮೂರ್ನಾಲ್ಕು ರೈತರು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಕಾಕಾ ಜೇಬಿನಿಂದ ಈ ಮುಕ್ಕಾದ ಮ್ಯಾಗ್ನೆಟ್ಟು ತೆಗೆದು ವೈರುಗಳ ಸುಲಿದ ತುದಿಗೆ ತಾಗಿಸಿದರು. ಹಳದಿಗೆ ಅಂಟಲಿಲ್ಲ. ಕೆಂಪಿಗೆ ಅಂಟಿತು.

"ಅಂಟಿದ್ದು ಮೈನಸ್ ರಿ" ಎಂದರು.

"ಕೆಂಪು ಮೈನಸ್ ಹ್ಯಾಂಗ ಆಗ್ತದ ಕಾಕಾ? ಕೆಂಪು ಪ್ಲಸ್. ಇಲ್ಲಿ ಬರದದ ನೋಡ್ರಿ, ನಲವತ್ತೊಂದನೇ ಪುಟ."

"ಆ ಪುಸ್ತಕ ಈ ಭಟ್ಟಿದು ಹೌದೇನ್ರಿ?"

"ಅಲ್ಲ. ಆದ್ರ ಸೆನ್ಸರ್ ಎಲ್ಲಾ ಕಡಿ ಒಂದೇ. ನಿಮಗ ಈ ಮ್ಯಾಗ್ನೆಟ್ ವಿಷಯ ಯಾರ ಹೇಳಿದ್ರು?"

"ಕಾರ್ಖಾನ್ಯಾಗ ಒಬ್ಬ ಮಿಸ್ತ್ರಿ ಇದ್ದ..."

"ಅಂವಗ ಯಾರ ಹೇಳಿದ್ರು?"

ಕಟ್ಟೆಯ ಮೇಲೆ ನಗು ಎದ್ದಿತು. ನಗು ಕೇಳಿದರೆ ನನಗೆ ಕಾಲ ಕೆಳಗೆ ವೇದಿಕೆ ಬಂದ ಹಾಗೆ ಆಗುತ್ತಿತ್ತು. ಅಮಾವಾಸ್ಯೆಯನ್ನು ಎಳೆದು ತಂದೆ. "ಅಮಾಸಿಗಿ ತಂತಿ ಕಡೀತದ ಅಂತ ಹೇಳಿದವ್ರೂ ಅದೇ ಮಿಸ್ತ್ರಿ ಏನ್ರಿ?" ಎಂದೆ. ಕಾಕಾ ಮ್ಯಾಗ್ನೆಟ್ಟನ್ನು ಜೇಬಿಗೆ ಹಾಕಿಕೊಂಡರು. "ಏ ಕಾಕಾ, ಈ ಹುಡುಗಿ ವಕೀಲ ಆಗ್ತದ. ಸೋತೆ ಅನ್ನು, ನಮ್ಮ ಮೋಟಾರ್ ಕೊಡು" ಎಂದ ಒಬ್ಬ ರೈತ.

ಕಾಕಾ ಸೋತೆ ಎನ್ನಲಿಲ್ಲ. ಸಿಟ್ಟೂ ಆಗಲಿಲ್ಲ. "ಆತು ತಂಗಿ. ನಿಮ್ಮ ಪುಸ್ತಕದಂಗೇ ಕಟ್ತೇನಿ" ಎಂದು ಕೆಂಪನ್ನು ಪ್ಲಸ್ಸಿಗೆ ಬಿಗಿದರು. ಡಬ್ಬಿ ನನ್ನ ಕೈಗೆ ಕೊಡುವಾಗ ದನಿ ತಗ್ಗಿಸಿ, ಕಟ್ಟೆಯವರಿಗೆ ಕೇಳದ ಹಾಗೆ ಹೇಳಿದರು: "ಒಂದ್ ಮಾತು. ಮದ್ಲ ಖಾಲಿ ಭಟ್ಟಿ ಹಚ್ರಿ. ಮೀಟರಿನಾಗ ನಂಬರ್ ಏರ್ತು, ನೀವು ಖರೆ. ಇಳೀತು, ಅವಾಗೇ ಬಂದ್ ಮಾಡ್ರಿ. ಟೀಚರಿಗಿ ಹೇಳ್ರಿ."

ಈ ಮಾತನ್ನು ಅವ್ವನಿಗೆ ನಾನು ಹೇಳಲಿಲ್ಲ. ಮರೆತೆ ಎಂದರೆ ಸುಳ್ಳು. ಹೇಳಿದರೆ ಗೆದ್ದ ವಾದದಲ್ಲಿ ಒಂದು ಅನುಮಾನವನ್ನು ನಾನೇ ಇಟ್ಟ ಹಾಗೆ ಆಗುತ್ತಿತ್ತು.

ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಅವ್ವ ಮೂವತ್ತು ಬಿಲ್ಲೆಗಳನ್ನು ಭಟ್ಟಿಗೆ ಇಟ್ಟಳು. ಒಳಗಿನ ತೇವ ಹೋಗಲಿ ಎಂದು ಮೊದಲ ಮೂರು ತಾಸು ಶಾಖ ತೀರ ಮಂದ ಇರಬೇಕು, ಎಂಬತ್ತು ಡಿಗ್ರಿ ದಾಟಬಾರದು. ಮೀಟರಿಗೆ ಎಂಬತ್ತು ಎಂದು ಕೊಟ್ಟರೆ ಅಲ್ಲಿಗೆ ಮುಟ್ಟಿದಾಗ ಅದೇ ಕರೆಂಟು ತಡೆಯುತ್ತದೆ. ಅವ್ವ ಮಣ್ಣು ಮೆತ್ತಿದ ಹಲಗೆಗಳನ್ನು ತೊಳೆಯಲು ಹೋದಳು. ನಾನು ಮೀಟರಿನ ಮುಂದೆ ಕೂತೆ. ಮೂವತ್ತೊಂದು ಇತ್ತು. ಮೂವತ್ತಾಯಿತು. ಇಪ್ಪತ್ತಾರಾಯಿತು...

ಭಟ್ಟಿಯ ತಗಡು ಬಿಸಿಯಾಗುತ್ತಿತ್ತು, ನಂಬರು ಇಳಿಯುತ್ತಿತ್ತು. ಎಂಬತ್ತು ಬರುವ ತನಕ ಕಾಯಿಸು ಎಂದು ಹೇಳಿಸಿಕೊಂಡ ಮೀಟರು ಕರೆಂಟನ್ನು ತಡೆಯುವ ಪ್ರಶ್ನೆಯೇ ಇರಲಿಲ್ಲ. ನನಗೆ ಗೊತ್ತಾಯಿತು. ಆ ಕ್ಷಣಕ್ಕೇ ಗೊತ್ತಾಯಿತು. ಸ್ವಿಚ್ಚು ನನ್ನ ಕೈಗೆ ಎಟುಕುವಷ್ಟು ಹತ್ತಿರ ಇತ್ತು. ಆದರೆ ನನ್ನೊಳಗೆ ಒಬ್ಬಳು ಎದ್ದು ನಿಂತು ವಾದ ಮಂಡಿಸತೊಡಗಿದ್ದಳು: ಹಳೆಯ ಮೀಟರು, ಮೊದಮೊದಲು ಹೀಗೇ ಇರಬಹುದು. ಗುಜರಿಯ ಸೆನ್ಸರು, ದೋಷ ಅದರದೇ ಇರಬಹುದು. ಇನ್ನು ಐದು ನಿಮಿಷ ನೋಡೋಣ... ಎಷ್ಟು ಐದು ನಿಮಿಷಗಳು ಹೋದವೋ. ಒಳಗಿನಿಂದ ಜೋಳದ ಅಳ್ಳು ಸಿಡಿದ ಹಾಗೆ ಒಂದು ಸದ್ದು ಬಂತು. ಇನ್ನೊಂದು. ಆಮೇಲೆ ಒಂದರ ಹಿಂದೆ ಒಂದು.

ಅವ್ವ ಒದ್ದೆ ಕೈಯಲ್ಲೇ ಓಡಿ ಬಂದು ಸ್ವಿಚ್ಚು ಆರಿಸಿದಳು. ಭಟ್ಟಿ ತಣ್ಣಗಾಗಿ ಬಾಗಿಲು ತೆರೆದಾಗ ಇಡಿಯಾಗಿ ಉಳಿದದ್ದು ನಾಲ್ಕು. ಕುರಿಯ ಬಿಲ್ಲೆ ಮೂರು ಚೂರಾಗಿತ್ತು. ಅವ್ವ ಅಳಲಿಲ್ಲ. ಚೂರುಗಳನ್ನು ಸೆರಗಿನಲ್ಲಿ ಆರಿಸಿಕೊಂಡು, ಯಾವುದು ಯಾರದು ಎಂದು ನೆಲದ ಮೇಲೆ ಜೋಡಿಸುತ್ತ ಕೂತಳು.

ಸೋಮವಾರ ಕಾಕಾ ಭಾಲ್ಕಿಗೆ ಬಂದರು. ಡಬ್ಬಿ ಬಿಚ್ಚಿದರು, ಮ್ಯಾಗ್ನೆಟ್ಟು ತಾಗಿಸಿದರು, ಎರಡು ವೈರು ಬಿಡಿಸಿ ಅದಲುಬದಲು ಮಾಡಿ ಬಿಗಿದರು. ಎಲ್ಲ ಸೇರಿ ಎರಡು ನಿಮಿಷದ ಕೆಲಸ.

"ಏನಾಗಿತ್ರಿ?" ಎಂದಳು ಅವ್ವ.

ಕಾಕಾ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಬಹುಶಃ ನಾನು ಹೇಳಿಬಿಡುತ್ತಿದ್ದೆ... ಇದೂ ಒಂದು ವಾದವೇ, ಬಿಡಿ. "ವೈರ್ ಉಲ್ಟಾ ಆಗಿತ್ರಿ ಟೀಚರ್. ನನ್ನ ಕೈಯಾಂದೇ ಆಗ್ಯಾದ" ಎಂದರು. ಮಾತಿನ ಮಟ್ಟಿಗೆ ಅದು ನಿಜ, ಬಿಗಿದ ಕೈ ಅವರದೇ. ಬೇಕಾದಷ್ಟು ಮಾತು ಕಲಿತಿದ್ದ ನಾನು ಬಾಗಿಲ ಹತ್ತಿರ ನಿಂತಿದ್ದೆ. ನನ್ನ ಸರದಿ ಬಂದಿತ್ತು, ನಾನು ಎದ್ದು ನಿಲ್ಲಲಿಲ್ಲ.

ಅವ್ವ ಅವರಿಗೆ ಬಿರುಸು ಮಾತೇನೂ ಆಡಲಿಲ್ಲ. "ವಯಸ್ಸಾತು ನಿಮಗೂ" ಎಂದಳು, ಅಷ್ಟೇ. ಕಾಕಾ ಹೂಂ ಎಂದರು. ಹೋಗುವ ಮೊದಲು ಡಬ್ಬಿಯ ಮುಂದೆ ಇನ್ನೊಂದಿಷ್ಟು ಹೊತ್ತು ಕೂತಿದ್ದರು. ಪೆನ್ನು ಕೇಳಿದರು, ನಾನೇ ಕೊಟ್ಟೆ. ಹುಡುಗಿಯರು ಒಡೆದ ಬಿಲ್ಲೆಗಳನ್ನು ಮತ್ತೆ ಮಾಡಿದರು, ಭಟ್ಟಿ ಈ ಸಲ ಸರಿಯಾಗಿ ಉರಿಯಿತು, ಕೊನೆಯ ದಿನ ಅರವತ್ತೂ ಗೋಡೆಗೆ ಏರಿದವು. ಕುರಿ ಮಾಡಿದ ಹುಡುಗಿ ಎರಡನೇ ಸಲ ಕುರಿ ಮಾಡಲಿಲ್ಲ, ಒಂದು ಬಕೆಟ್ಟು ಮಾಡಿದಳು.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಬಿಲ್ಲೆ ಒಡೆದದ್ದು ಹೇಗೆ ಎಂದು ಕೇಳಿದವರಿಗೆಲ್ಲ ಅವ್ವ ತನಗೆ ಗೊತ್ತಿದ್ದುದನ್ನೇ ಹೇಳಿದಳು: ಪಾಪ, ಕಾಕಾನ ಕೈ ತಪ್ಪಿತು. ಆ ಮಾತು ಒಬ್ಬರಿಂದ ಒಬ್ಬರಿಗೆ ಹೋಗುತ್ತ 'ಕಾಕಾನ ಕೈ ನಡುಗ್ತದ' ಎಂದಾಯಿತು. ಶಾಲೆಯ ಬೋರಿನ ಮೋಟಾರು, ಮಾಸ್ತರುಗಳ ಮನೆಯ ಮೋಟಾರು ಭಾಲ್ಕಿಯಿಂದ ಅವರ ಹತ್ತಿರ ಹೋಗುವುದು ನಿಂತಿತು. ಮುಂದಿನ ವರ್ಷ ಭಟ್ಟಿಯ ಕಾಯಿಲು ಮತ್ತೆ ಕಡಿಯಿತು. ಶಾಲೆಯವರು ಅವ್ವನಿಗೆ ಫೋನು ಮಾಡಿ ಕೇಳಿದಾಗ, "ಕಾಕಾ ಬ್ಯಾಡ್ರಿ, ದೊಡ್ಡ ಊರಾಗ ಯಾರಿಗಾದ್ರೂ ಕೇಳ್ರಿ" ಎಂದಳು. ನಾನು ಅದೇ ಕೋಣೆಯಲ್ಲಿ ಓದುತ್ತ ಕೂತಿದ್ದೆ. ದೊಡ್ಡ ಊರಿನವರು ಈ ಮಾಡೆಲು ಹಳೆಯದು, ಬಿಸಾಕಿ ಎಂದರು. ಭಟ್ಟಿ ಮೂಲೆಗೆ ಬಿತ್ತು.

ಅದಾದ ಮೇಲೆ ಒಮ್ಮೆ ಚೌಬಾರಾ ಹತ್ತಿರ ಕಾಕಾ ಎದುರಾದರು. ನಾನು ರಸ್ತೆಯ ಆ ಬದಿಗೆ ದಾಟಲು ನೋಡಿದೆ, ಅಷ್ಟರಲ್ಲಿ ಅವರೇ ಕರೆದರು.

"ತಂಗಿ, ಆರಾಮ ಅದೀರಿ? ಭಟ್ಟಿ ನಡದದೇನ್ರಿ?"

"ನಡದದ ಕಾಕಾ."

"ಛಲೋ ಆತು. ಕೆಟ್ರ ಡಬ್ಬಿ ಒಳಗ ನೋಡ್ರಿ, ಎಲ್ಲಾ ಇಟ್ಟೇನಿ."

ನೋಡುತ್ತೇವೆ ಎಂದೆ. ನೋಡಲಿಲ್ಲ. ನಡೆಯುತ್ತಿದೆ ಎಂದು ಹೇಳಿದ ಭಟ್ಟಿಯ ಡಬ್ಬಿಯನ್ನು ಯಾವ ಬಾಯಿಂದ ಬಿಚ್ಚಿಸಲಿ?

ಈ ವರ್ಷ ಶಾಲೆಯವರು ಆ ಭಟ್ಟಿಯನ್ನು ಗುಜರಿಗೆ ಹಾಕಲು ಹೊರಟಾಗ ಅವ್ವ ತಡೆದು ಮನೆಗೆ ತರಿಸಿದಳು. ಹಾಗಾಗಿ ಹೋದ ತಿಂಗಳು ಡಬ್ಬಿ ಬಿಚ್ಚಿದೆ. ರಟ್ಟು ಯಾವುದೋ ಬೇರಿಂಗಿನ ಖಾಲಿ ಪೆಟ್ಟಿಗೆಯದು, ಹಿಂದೆ ನನ್ನ ಪೆನ್ನಿನ ನೀಲಿ ಅಕ್ಷರ. ಕಾಯಿಲು ಮೂರು. ಒಂದಕ್ಕೆ ತಂತಿ ಹದಿನೆಂಟು ಗೇಜು, ಸುತ್ತು ಎಂಟುನೂರು, ಓಮ್ ಇಪ್ಪತ್ತಾರು. ತಂತಿ ಯಾರ ಹತ್ತಿರ ಸಿಗುತ್ತದೆ, ಸೆನ್ಸರು ಎಲ್ಲಿ. ಕಂಪನಿ ಕೊಡದ, ಎಂಬತ್ತು ಪುಟದಲ್ಲಿ ಇರದ ಎಲ್ಲವೂ ಅಂಗೈಯಗಲದ ರಟ್ಟಿನ ಮೇಲೆ ಇತ್ತು. ಕೊನೆಯ ಸಾಲು: "ಕೆಂಪು ಮೈನಸ್. ನಂಬಿಕಿ ಇಲ್ಲಂದ್ರ ಮ್ಯಾಗ್ನೆಟ್ ಇಟ್ಟೇನಿ."

ಚೌಬಾರಾದ ಗಲ್ಲಿಗೆ ಹೋದೆ. ಅಂಗಡಿ ಇದ್ದಲ್ಲಿ ಈಗ ಮೊಬೈಲ್ ಕವರುಗಳು ತೂಗಾಡುತ್ತಿವೆ. ಪಕ್ಕದ ಪಂಕ್ಚರ್ ಅಂಗಡಿಯವನು ತಲೆ ಎತ್ತದೆ ಹೇಳಿದ: "ಕಾಕಾ ಹೋಗಿ ಎರಡ್ ವರ್ಷ ಆತು. ಮಣ್ಣಿಗಿ ಡಾಬಕಾಕ್ಕ ಒಯ್ದ್ರು."

ಅವತ್ತು ಸಂಜೆ ಅವ್ವನಿಗೆ ರಟ್ಟು ಕೊಟ್ಟು, ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅವಳು ಕೊನೆಯ ಸಾಲನ್ನು ಎರಡು ಸಲ ಓದಿದಳು. "ನನ್ನ ಬಾಯಿಲೇ ಹೇಳಿಸಿದಿ. ಎಂಟು ವರ್ಷ. ಒಬ್ಬ ಮನುಷ್ಯಾನ ಕೈ ನಡುಗ್ತದ ಅಂತ ಊರಿಗೆಲ್ಲಾ ನನ್ನ ಬಾಯಿಲೇ ಹೇಳಿಸಿದಿ" ಎಂದಳು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಬೆಳಗ್ಗೆ, "ನಡಿ ಭಾಲ್ಕಿಗಿ" ಎಂದಳು.

ಸ್ಟಾಫ್ ರೂಮಿನಲ್ಲಿ ಅಂದಿನವರು ಒಬ್ಬರೇ ಇದ್ದರು, ಪಿ.ಟಿ. ಮಾಸ್ತರು. ಉಳಿದವರು ಹೊಸಬರು. ನಾನು ಎದ್ದು ನಿಂತು, ತಪ್ಪು ವೈಂಡಿಂಗ್ ಕಾಕಾನದಲ್ಲ, ನನ್ನದು ಎಂದೆ. ಇಷ್ಟು ಚಿಕ್ಕ ಭಾಷಣವನ್ನು ನಾನು ಎಂದೂ ಮಾಡಿರಲಿಲ್ಲ. ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡು ಸ್ವಲ್ಪ ಹೊತ್ತು ನೆನಪು ಮಾಡಿಕೊಳ್ಳಲು ನೋಡಿದರು. "ಯಾವ ಕಾಕಾ ರಿ?" ಎಂದರು.

ಎದುರು ವಾದಿಸಲು ಯಾರೂ ಇರಲಿಲ್ಲ. ಒಪ್ಪಿಕೊಳ್ಳಲೂ ಇರಲಿಲ್ಲ. ವಾಪಸ್ ಬರುವಾಗ ನೀರಿನ ಟಾಕಿಯ ಹತ್ತಿರ ಅವ್ವ ನಿಂತಳು. ಬಿಲ್ಲೆಗಳು ಇನ್ನೂ ಇವೆ, ಬಕೆಟ್ಟೂ ಇದೆ.

ರಟ್ಟಿನಲ್ಲಿ ಬರೆದ ಹಾಗೇ ತಂತಿ ತರಿಸಿ ಸುತ್ತಿದೆ. ನೂರಕ್ಕೊಂದು ತೊಗರಿ ಕಾಳು ಇಟ್ಟುಕೊಂಡೆ, ಆದರೂ ಎರಡು ಸಲ ಲೆಕ್ಕ ತಪ್ಪಿತು. ಆ ದಿನ ಅಮಾವಾಸ್ಯೆ ಅಲ್ಲವೆಂದು ಕ್ಯಾಲೆಂಡರ್ ನೋಡಿಕೊಂಡೆ, ಯಾಕೆ ಎಂದು ಕೇಳಬೇಡಿ. ಕೆಂಪು ವೈರಿಗೆ ಮ್ಯಾಗ್ನೆಟ್ಟು ತಾಗಿಸಿದಾಗ ಟಕ್ ಎಂದು ಅಂಟಿತು. ಮೈನಸ್ಸಿಗೆ ಬಿಗಿದೆ. ಅವ್ವ ಅಷ್ಟರಲ್ಲಿ ಮಣ್ಣಿನಲ್ಲಿ ಏನೋ ಮಾಡಿ ಒಣಗಿಸಿಟ್ಟಿದ್ದಳು, ಒಳಗೆ ಇಡಲೇ ಎಂದು ಕೈ ಚಾಚಿದೆ.

"ಬ್ಯಾಡ" ಎಂದಳು. "ಇವತ್ತ ಖಾಲಿ."

ಖಾಲಿ ಭಟ್ಟಿ ಹಚ್ಚಿ ಇಬ್ಬರೂ ಮೀಟರಿನ ಮುಂದೆ ಕೂತೆವು. ಮೂವತ್ತು. ಮೂವತ್ತೊಂದು. ಮೂವತ್ತನಾಲ್ಕು...